ವಾರಸುದಾರರಿಲ್ಲದ ಪಾಸ್‌ವರ್ಡ್

ಮಾಣಿ, ಬಾರ್ಕೂರಿನಿಂದ ಹೊರಟವರು ಬ್ಯಾಂಕಿಗೆ, ಹೋಟೆಲಿಗೆ ಹೋದದ್ದೇ ಹೆಚ್ಚು. ನೀನು ಕಂಪನಿಗಳ ನೆಟ್‌ವರ್ಕ್ ಎಷ್ಟು ಭದ್ರ ಅಂತ ಪರೀಕ್ಷೆ ಮಾಡುವ ಕೆಲಸಕ್ಕೆ ಬೆಂಗಳೂರಿಗೆ ಹೊರಟಿದ್ದಿ. ಸರ್ವರ್ ರೂಮಿನಲ್ಲೇ ತಲೆ ನರೆತವನು ನಾನು. ಸರ್ವಿಸ್ ಅಕೌಂಟಿನ ವಿಷಯ ನಿನಗೆ ಹೇಳಿಯೇ ಕಳಿಸಬೇಕು.

ನೌಕರರ ಅಕೌಂಟಿಗೆ ಒಬ್ಬ ಮನುಷ್ಯ ಇರುತ್ತಾನೆ. ಮರೆತರೆ ಫೋನ್ ಮಾಡುತ್ತಾನೆ, ಕೆಲಸ ಬಿಟ್ಟರೆ ಅಕೌಂಟ್ ಮುಚ್ಚುತ್ತಾರೆ. ರಾತ್ರಿ ಬ್ಯಾಕಪ್ ತೆಗೆಯುವ, ಡೇಟಾಬೇಸ್ ನಡೆಸುವ ಸರ್ವಿಸ್ ಅಕೌಂಟಿಗೆ ಅಂಥವರು ಯಾರೂ ಇಲ್ಲ. ಇನ್‌ಸ್ಟಾಲ್ ಮಾಡಿದ ದಿನ ಯಾರೋ ಅವಸರದಲ್ಲಿ ಸೃಷ್ಟಿಸಿದ್ದು. ಪಾಸ್‌ವರ್ಡ್ ಅಂದರೆ ಸಾಫ್ಟ್‌ವೇರಿನ ಹೆಸರು, ಒಂದು @, ಆ ವರ್ಷದ ಇಸವಿ. ದೊಡ್ಡಕ್ಷರ, ಅಂಕಿ, ಚಿಹ್ನೆ ಮೂರೂ ಇರುವುದರಿಂದ ಕಂಪನಿಯ ನಿಯಮಕ್ಕೆ ಅದು ಸರಿ. 'ಅವಧಿ ಮುಗಿಯುವುದಿಲ್ಲ' ಎಂಬಲ್ಲಿ ಒಂದು ಟಿಕ್. ವೆಂಡರ್ ಕೇಳಿದನೆಂದು, ಕಂಪನಿಯ ಇಡೀ ಜಾಲದ ಮೇಲೆ ಅಧಿಕಾರವಿರುವ ಡೊಮೈನ್ ಅಡ್ಮಿನ್ ಗುಂಪಿಗೂ ಸೇರಿಸಿರುತ್ತಾರೆ. ನನಗೆ ಅತಿ ಹೆಚ್ಚು ಹೆದರಿಕೆ ಈ ಕೊನೆಯದರದ್ದೇ.

ಇಂಥ ಪಾಸ್‌ವರ್ಡನ್ನು ಒಡೆಯುವ ಕರ್ಬರೋಸ್ಟಿಂಗ್ ಎಂಬ ದಾರಿಯನ್ನು ಟಿಮ್ ಮೆಡಿನ್ 2014ರಲ್ಲೇ ಬಹಿರಂಗವಾಗಿ ತೋರಿಸಿದ್ದರು. ಡೊಮೈನಿನಲ್ಲಿ ಲಾಗಿನ್ ಇರುವ ಸಾಮಾನ್ಯ ಗುಮಾಸ್ತನೂ ಯಾವುದೇ ಸರ್ವಿಸಿಗೆ ಟಿಕೆಟ್, ಅಂದರೆ ಪ್ರವೇಶದ ಚೀಟಿ, ಕೇಳಬಹುದು. ಕೇಳಿದರೆ ಸರ್ವರ್ ಕೊಡುತ್ತದೆ. ಟಿಕೆಟಿನ ಒಂದು ಭಾಗ ಸರ್ವಿಸ್ ಅಕೌಂಟಿನ ಪಾಸ್‌ವರ್ಡಿನಿಂದ ಹುಟ್ಟಿದ ಕೀಲಿಯಿಂದ ಗೂಢಲಿಪಿಯಾಗಿರುತ್ತದೆ. ಅದನ್ನು ಮನೆಗೆ ಒಯ್ದು, ತನ್ನ ಯಂತ್ರದಲ್ಲಿ ಎಷ್ಟು ಸಲ ಬೇಕಾದರೂ ಊಹಿಸುತ್ತ ಕೂರಬಹುದು. ಅಕೌಂಟ್ ಲಾಕ್ ಆಗುವುದಿಲ್ಲ, ಅಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಹಳೆಯ ಆರ್‌ಸಿ4 ಪದ್ಧತಿಯ ಟಿಕೆಟ್ ಆದರೆ ಊಹೆಯ ವೇಗ ಇನ್ನೂ ಹೆಚ್ಚು.

ಇದು ಪುಸ್ತಕದ ಮಾತಲ್ಲ. 2024ರ ಮೇ ತಿಂಗಳಲ್ಲಿ ಅಮೆರಿಕದ ಅಸೆನ್ಶನ್ ಆಸ್ಪತ್ರೆ ಜಾಲ ದಾಳಿಗೆ ಸಿಕ್ಕಿ, ನರ್ಸುಗಳು ಕಾಗದದಲ್ಲಿ ಬರೆಯಬೇಕಾಯಿತು, ಆಂಬುಲೆನ್ಸ್‌ಗಳನ್ನು ಬೇರೆ ಕಡೆ ಕಳಿಸಬೇಕಾಯಿತು. ಸುಮಾರು 56 ಲಕ್ಷ ಜನರ ಮಾಹಿತಿ ಹೋಯಿತು. ದಾಳಿಕೋರರು ಬಳಸಿದ್ದು ಇದೇ ದಾರಿ ಎಂದು ಸೆನೆಟರ್ ರಾನ್ ವೈಡನ್ 2025ರ ಸೆಪ್ಟೆಂಬರಿನಲ್ಲಿ ಅಲ್ಲಿನ ಸರಕಾರಿ ಆಯೋಗಕ್ಕೆ ಬರೆದರು. ದಾರಿ ತೋರಿಸಿ ಹತ್ತು ವರ್ಷವಾಗುತ್ತ ಬಂದರೂ ಬಾಗಿಲು ತೆರೆದೇ ಇತ್ತು, ನೋಡು.

ನೀನೂ ಹೋದಲ್ಲೆಲ್ಲ ಇಂಥದ್ದು ಕಾಣುತ್ತಿ. ಪಾಸ್‌ವರ್ಡ್ ಒಡೆದ ಕೂಡಲೇ ಗೆದ್ದೆ ಅನಿಸುತ್ತದೆ. ಆದರೆ ಅಲ್ಲಿಯವರು ಅದನ್ನು ಬದಲಿಸದೆ ಇದ್ದದ್ದು ಸೋಮಾರಿತನದಿಂದಲ್ಲ, ಹೆದರಿಕೆಯಿಂದ: ಬದಲಿಸಿದರೆ ಎಲ್ಲಿ ಎಂತ ನಿಲ್ಲುತ್ತದೋ! ಮಾಡಿದವರು ನಿವೃತ್ತರಾಗಿರುತ್ತಾರೆ, ಕಾಗದಪತ್ರ ಇಲ್ಲ. ನಮ್ಮೂರಲ್ಲಿ ದಿನಕ್ಕೊಂದರಂತೆ 365 ದೇವಸ್ಥಾನ ಇದ್ದವು ಅನ್ನುತ್ತಾರಲ್ಲ. ಕೇರಿಯವರೋ ಮನೆತನದವರೋ ನಮ್ಮದೆಂದು ವಹಿಸಿಕೊಂಡಲ್ಲಿ ಪೂಜೆ ಉಳಿಯಿತು. ಅಕೌಂಟಿಗೂ ವಹಿಸಿಕೊಳ್ಳುವವರು ಬೇಕು. ಯಾವ ಸರ್ವರಿನಲ್ಲಿ, ಯಾವ ಕೆಲಸಕ್ಕೆ ಅದು ಓಡುತ್ತಿದೆ ಅಂತ ಅವರ ಜೊತೆ ಕೂತು ಹುಡುಕು. ವರದಿಯಲ್ಲಿ ಒಬ್ಬರ ಹೆಸರು ಬರುವವರೆಗೆ ಬಿಡಬೇಡ.

ಮದ್ದು ಇದೆ. ವಿಂಡೋಸ್ ಸರ್ವರ್ 2012ರಿಂದ ಗ್ರೂಪ್ ಮ್ಯಾನೇಜ್ಡ್ ಸರ್ವಿಸ್ ಅಕೌಂಟ್ ಬಂದಿದೆ. ಪಾಸ್‌ವರ್ಡನ್ನು ಯಂತ್ರವೇ ಇಟ್ಟು, ಮಾಮೂಲಿಯಾಗಿ 30 ದಿನಕ್ಕೊಮ್ಮೆ ತಾನೇ ಬದಲಿಸುತ್ತದೆ. ಅದಕ್ಕೆ ಒಗ್ಗದ ಹಳೆಯ ಸಾಫ್ಟ್‌ವೇರಿಗೆ 25 ಅಕ್ಷರಕ್ಕಿಂತ ಉದ್ದದ, ಯಾರ ಬಾಯಿಗೂ ಬಾರದ ಪಾಸ್‌ವರ್ಡ್ ಇಡಿಸು. ಆರ್‌ಸಿ4 ತೆಗೆಸು, ಡೊಮೈನ್ ಅಡ್ಮಿನ್ ಗುಂಪಿನಿಂದ ಬಿಡಿಸು. ಸರ್ವರಿನ ಲಾಗ್ ದಾಖಲೆಯಲ್ಲಿ, ಟಿಕೆಟ್ ಕೇಳಿದ್ದನ್ನು ಸೂಚಿಸುವ 4769 ಎಂಬ ಸಂಖ್ಯೆ ಒಂದೇ ಲಾಗಿನ್‌ನಿಂದ ಸಾಲುಸಾಲಾಗಿ ಬಂದರೆ ಎಚ್ಚರಿಸುವ ಏರ್ಪಾಡು ಮಾಡಿಸು.

ಒಡೆದ ಪಾಸ್‌ವರ್ಡನ್ನು ಪೂರ್ತಿ ವರದಿಯಲ್ಲಿ ಹಾಕಬೇಡ, ಟಿಕೆಟನ್ನು ಇಂಟರ್‌ನೆಟ್ಟಿನ ಯಾವ ತಾಣಕ್ಕೂ ಏರಿಸಬೇಡ. ಬರಹದಲ್ಲಿ ಅನುಮತಿ ಇಲ್ಲದೆ ಕೀಬೋರ್ಡ್ ಮುಟ್ಟಲೇಬೇಡ, ಮಾರಾಯ. 2000ದ ಐಟಿ ಕಾಯ್ದೆಯ 66ನೇ ಕಲಮಿನಲ್ಲಿ ಮೂರು ವರ್ಷದವರೆಗೆ ಜೈಲಿದೆ.

ಮರುಪರೀಕ್ಷೆಗೆ ಹೋದಾಗ ಮೊದಲು ಆ ಅಕೌಂಟಿನ ಪಾಸ್‌ವರ್ಡ್ ಕೊನೆಗೆ ಬದಲಾದ ತಾರೀಕು ನೋಡು. ಹಳೆಯದೇ ಇದ್ದರೆ ಅದೇ ವರದಿಯನ್ನು ಮತ್ತೆ ಕಳಿಸಬೇಡ. ಆ ಸರ್ವರ್ ನೋಡಿಕೊಳ್ಳುವವರ ಪಕ್ಕ ಕುರ್ಚಿ ಎಳೆದು ಕೂತು, ಎಲ್ಲಿ ಸಿಕ್ಕಿಕೊಂಡಿತು ಅಂತ ಕೇಳು.