ಜಾಲಪುಟದ ಪಾಠಶೋಧನೆ

ನುಡಿಗೆ ವ್ಯಾಕರಣವಿರುವಂತೆ ಜಾಲಪುಟಕ್ಕೂ ಒಂದು ವ್ಯಾಕರಣವುಂಟು. ಇದು ಶೀರ್ಷಿಕೆ, ಇದು ಗದ್ಯಖಂಡ, ಇದು ಚಿತ್ರ ಎಂದು ಬರಹದ ಒಂದೊಂದು ಅಂಗವನ್ನೂ ಗಣಕಯಂತ್ರಕ್ಕೆ ತಿಳಿಸುವುದು ಎಚ್.ಟಿ.ಎಂ.ಎಲ್. ಎಂಬ ಸಂಕೇತಭಾಷೆಯ ಟ್ಯಾಗುಗಳ ಕಾರ್ಯ. ಒಂದರೊಳಗೆ ತೆರೆದ ಟ್ಯಾಗನ್ನು ಹೊರಗಿನದಕ್ಕಿಂತ ಮೊದಲೇ ಮುಚ್ಚಬೇಕೆಂಬುದು ಇದರ ಮೂಲಸೂತ್ರಗಳಲ್ಲೊಂದು. ಓಲೆಗರಿಯ ಪ್ರತಿಗಳಲ್ಲಿ ಲಿಪಿಕಾರದೋಷಗಳು ನುಸುಳುತ್ತಿದ್ದಂತೆ ಯಂತ್ರವು ಪ್ರತಿಮಾಡಿದ ಪುಟಗಳಲ್ಲಿಯೂ ದೋಷಗಳು ನುಸುಳುತ್ತವೆ. ಗ್ರಂಥಪ್ರಕಾಶನದಲ್ಲಿ ತೊಡಗಿದವರು ಅವನ್ನು ತಿದ್ದುವ ಕ್ರಮವನ್ನು ಅರಿತಿರುವುದು ಅವಶ್ಯಕ.

ಮೈಕ್ರೋಸಾಫ್ಟ್ ವರ್ಡ್ ತಂತ್ರಾಂಶದಲ್ಲಿ ಸಿದ್ಧಪಡಿಸಿದ ಬರಹವನ್ನು ಜಾಲಪುಟವಾಗಿ ಉಳಿಸಿದರೆ ಅದು ತನ್ನ ಉಪಯೋಗಕ್ಕೆ ಬೇಕಾದ ಸಂಕೇತಗಳನ್ನೂ ಪುಟದಲ್ಲಿ ತುಂಬಿಬಿಡುತ್ತದೆ. ಕಡತವನ್ನು ಮುಂದೆ ತಾನೇ ತೆರೆದಾಗ ಮೊದಲಿನ ರೂಪ ಕೆಡದಿರಲೆಂಬುದೇ ಇದರ ಉದ್ದೇಶ. ವರ್ಡ್ 2000ರ ಪುಟಗಳಲ್ಲಿ ಈ ಪ್ರವೃತ್ತಿ ಎದ್ದು ಕಾಣುತ್ತದೆ. ತೆರೆಯ ಮೇಲೆ ಪುಟವು ಅಚ್ಚುಕಟ್ಟಾಗಿ ತೋರುವುದರಿಂದ ಒಳಗಿನ ದೋಷ ಕಣ್ಣಿಗೆ ಬೀಳುವುದಿಲ್ಲ.

ಇದನ್ನು ಪರೀಕ್ಷಿಸಲು 1994ರಲ್ಲಿ ಸ್ಥಾಪಿತವಾದ ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ ಎಂಬ ಸಂಸ್ಥೆಯು ಉಚಿತ ಸಾಧನವನ್ನು ಒದಗಿಸಿದೆ. ಅದು ಪ್ರತಿಯೊಂದು ದೋಷವನ್ನೂ ಸಾಲಿನ ಸಂಖ್ಯೆಯೊಡನೆ ತೋರಿಸುತ್ತದೆ. ಪಟ್ಟಿ ಉದ್ದವಾಗಿದೆಯೆಂದು ಎದೆಗುಂದಬೇಕಾಗಿಲ್ಲ. ಮುಚ್ಚದೆ ಉಳಿದ ಒಂದು ಟ್ಯಾಗು ಮುಂದಿನ ಹಲವು ಸಾಲುಗಳನ್ನು ದೋಷಯುಕ್ತವಾಗಿ ತೋರಿಸಬಲ್ಲದು. ಆದುದರಿಂದ ಮೊದಲನೆಯ ದೋಷವನ್ನು ತಿದ್ದಿ ಮತ್ತೆ ಪರೀಕ್ಷಿಸುವುದೇ ಸರಿಯಾದ ಕ್ರಮ. ಚಿತ್ರಕ್ಕೆ ವಿವರಣೆ ಇಲ್ಲದಿರುವುದು, ಒಂದೇ ಗುರುತುನಾಮವನ್ನು ಎರಡು ಅಂಗಗಳಿಗೆ ಕೊಟ್ಟಿರುವುದು ಸಾಮಾನ್ಯ ದೋಷಗಳು. ವರ್ಡ್‌ನಲ್ಲಿ ‘ವೆಬ್ ಪೇಜ್, ಫಿಲ್ಟರ್ಡ್’ ಎಂಬ ಬಗೆಯನ್ನು ಆರಿಸಿದರೆ ಅನವಶ್ಯಕ ಸಂಕೇತಗಳು ಬಹಳಷ್ಟು ಕಳೆಯುತ್ತವೆ. ಉಳಿದುದನ್ನು ಶೋಧಿಸಲು ಡೇವ್ ರ‍್ಯಾಗೆಟ್ ಅವರು ಮೊದಲು ರಚಿಸಿದ ‘ಟೈಡಿ’ ಎಂಬ ಸಾಧನವಿದೆ.

ಆದರೆ ಹೊರಬಂದ ಪುಟವನ್ನಷ್ಟೇ ತಿದ್ದಿದರೆ ಸಾಲದು. ಮೂಲ ಕಡತವನ್ನು ಮತ್ತೊಮ್ಮೆ ಜಾಲಪುಟವಾಗಿಸಿದೊಡನೆ ಅವೇ ದೋಷಗಳು ಮರಳಿ ಬರುತ್ತವೆ. ಅಕ್ಷರವನ್ನು ದಪ್ಪಗೆ ಮಾಡಿದ ಮಾತ್ರಕ್ಕೆ ಒಂದು ಸಾಲು ಶೀರ್ಷಿಕೆಯಾಗುವುದಿಲ್ಲ. ಮೂಲದಲ್ಲಿಯೇ ‘ಹೆಡಿಂಗ್’ ಎಂಬ ಶೈಲಿಯನ್ನು ಕೊಟ್ಟರೆ ಜಾಲಪುಟದಲ್ಲಿಯೂ ಅದು ಶೀರ್ಷಿಕೆಯಾಗಿಯೇ ಇಳಿಯುತ್ತದೆ. ಬೇರಿಗೆ ನೀರೆರೆಯದೆ ಎಲೆಯನ್ನು ತೊಳೆದರೆ ಗಿಡ ಚಿಗುರುವುದುಂಟೆ?

ಪರೀಕ್ಷಕ ಸಾಧನಕ್ಕೂ ಒಂದು ಮಿತಿಯಿದೆ. ಅದು ರೂಪವನ್ನು ಬಲ್ಲದು, ಅರ್ಥವನ್ನು ಅರಿಯದು. ಕನ್ನಡದ ಮಟ್ಟಿಗೆ ಇದು ಗಂಭೀರವಾದ ವಿಷಯ. ಯೂನಿಕೋಡ್ ಸಂಕೇತವ್ಯವಸ್ಥೆಯ 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆತಿದ್ದರೂ, ಹಳೆಯ ಕಡತಗಳಲ್ಲಿ ಬಳಸಿದ ಫಾಂಟುಗಳು ರೋಮನ್ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕನ್ನಡದ ಆಕೃತಿಗಳನ್ನು ಕೂಡಿಸಿದ್ದವು. ಅಂತಹ ಪುಟ ಕಣ್ಣಿಗೆ ಕನ್ನಡ, ಯಂತ್ರಕ್ಕೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು. ಪರೀಕ್ಷಕ ಸಾಧನವು ಅದನ್ನು ನಿರ್ದೋಷವೆಂದೇ ಸಾರಬಹುದು. ಹುಡುಕಿದರೆ ಮಾತ್ರ ಒಂದು ಪದವೂ ಸಿಗದು. ಇಂತಹ ಬರಹವನ್ನು ಯೂನಿಕೋಡಿಗೆ ಪರಿವರ್ತಿಸಿದ ಬಳಿಕವೂ ಕರಡು ತಿದ್ದಲೇಬೇಕು. ‘ಧರ್ಮ’ ಎಂಬಲ್ಲಿ ಹಳೆಯ ಫಾಂಟಿನ ಅರ್ಕಾವತ್ತು ಮಕಾರದ ಬಳಿಕ ಬರುತ್ತಿತ್ತು. ಯೂನಿಕೋಡಿನಲ್ಲಿ ಉಚ್ಚಾರಣೆಯ ಕ್ರಮದಂತೆ ರಕಾರವೇ ಮೊದಲು ಬರಬೇಕು. ಈ ಸ್ಥಾನಪಲ್ಲಟದಲ್ಲಿ ಎಡವಿದರೆ ಪದವೇ ಕೆಡುತ್ತದೆ.

ಫ. ಗು. ಹಳಕಟ್ಟಿಯವರು ಓಲೆಗರಿಗಳನ್ನು ಅರಸಿ ಸಂಗ್ರಹಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಬೆಳಕಿಗೆ ತಂದರು. ಓಲೆಯಿಂದ ಅಚ್ಚಿಗೆ ಬಂದ ಆ ವಾಙ್ಮಯವು ಇಂದು ಜಾಲಪುಟಕ್ಕೆ ದಾಟುತ್ತಿದೆ. ಪುಟದ ಭಾಷೆ ಕನ್ನಡವೆಂಬ ಸೂಚನೆ, ಶುದ್ಧವಾದ ಅಕ್ಷರಸಂಕೇತ, ಸರಿಯಾದ ಶೀರ್ಷಿಕೆ ಇವಿಷ್ಟೂ ಇದ್ದರೆ ಅಂಧ ವಿದ್ಯಾರ್ಥಿಯೂ ಓದಿ ಹೇಳುವ ತಂತ್ರಾಂಶದ ನೆರವಿನಿಂದ ವಚನವನ್ನು ಕೇಳಿ ಕಲಿಯಬಲ್ಲನು. ಇಲ್ಲವಾದರೆ ಅವನ ಪಾಲಿಗೆ ಆ ಪುಟವು ಬರಿದು. ಜ್ಞಾನದಾಸೋಹದ ಪಂಕ್ತಿಯಿಂದ ಯಾರೂ ಹಸಿದು ಏಳಬಾರದೆಂಬ ಎಚ್ಚರವೇ ಈ ಪರಿಶ್ರಮದ ಸಾರ್ಥಕ್ಯ.