ಕೌದಿಗೆ ಯಾವ ಬಟ್ಟೆ, ತೇಪೆಗೆ ಯಾವ ಬಟ್ಟೆ?

ರಾಶಿ ಮುಗಿದು ಹೊಲ ಬರಿದಾದ ಮೇಲೆ, ಮುಂಗಾರಿಗೆ ಮೊದಲು ಸಿಗುವ ಬಿಡುವಿನಲ್ಲಿ, ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆಯ ಬಟ್ಟೆಯ ಗಂಟು ಬಿಚ್ಚುವುದು ವಾಡಿಕೆ. ಸವೆದ ಸೀರೆ, ಧೋತರ, ಹರಿದ ಅಂಗಿ ಎಲ್ಲವೂ ಹೊರಬರುತ್ತವೆ. ಕೆಲವು ಕೌದಿಯಾಗುತ್ತವೆ, ಕೆಲವು ಕೂಸಿನ ಜಬಲಾ ಆಗುತ್ತವೆ, ಉಳಿದವು ತೇಪೆಗೆ. ಇದು ಹೆಂಗಸರ ಕೆಲಸವೆಂದು ರೈತ ಬಾಂಧವರು ಈ ಪುಟವನ್ನು ಮಗುಚಬಾರದು. ಆ ಗಂಟಿನಲ್ಲಿ ಏನು ಇರಬಾರದು ಎಂಬುದು ಔಷಧಿ ಹೊಡೆಯುವವರಿಗೇ ಮೊದಲು ಗೊತ್ತಿರಬೇಕಾದ ಸಂಗತಿ.

1972ರಲ್ಲಿ ಧಾರವಾಡದಿಂದ ವರಲಕ್ಷ್ಮಿ ಸಂಕರಣ ಹತ್ತಿ ಹೊರಬಂದ ಮೇಲೆ ನಮ್ಮ ಹತ್ತಿ ಸೀಮೆಯಲ್ಲಿ ಇಳುವರಿಯ ಜೊತೆಗೆ ಸಿಂಪರಣೆಯೂ ಹೆಚ್ಚಿತು. ಸಿಂಪರಣೆಗೆ ಹಳೆಯ ಅಂಗಿ, ಹಳೆಯ ಧೋತರ ತೊಡುವುದು ಎಲ್ಲರ ರೂಢಿ. ಅದೇ ಅಂಗಿ ಹರಿದಾಗ ಗಂಟು ಸೇರುತ್ತದೆ. ಗಂಟಿನಿಂದ ಕೌದಿಯ ಒಳಪದರಕ್ಕೆ ಹೋಗುತ್ತದೆ. ಮೇಲೆ ಮಗು ಮಲಗುತ್ತದೆ, ಬೆವರುತ್ತದೆ, ಒದ್ದೆ ಮಾಡುತ್ತದೆ. ಅನೇಕ ಕೀಟನಾಶಕಗಳು ಚರ್ಮದ ಮೂಲಕವೇ ದೇಹ ಸೇರುತ್ತವೆ. ಮಕ್ಕಳ ಚರ್ಮ ತೆಳು, ತೂಕ ಕಡಿಮೆ. ಎಣ್ಣೆಯಂತಹ ದ್ರಾವಣ ನೂಲಿನೊಳಗೆ ಹಿಡಿದುಕೊಂಡರೆ ಒಂದೆರಡು ಒಗೆತಕ್ಕೆ ಪೂರ್ತಿ ಬಿಡುವುದಿಲ್ಲ. ವಾಸನೆ ಹೋಯಿತೆಂದರೆ ವಿಷ ಹೋಯಿತೆಂದಲ್ಲ.

ಆದ್ದರಿಂದ ಸಿಂಪರಣೆಯ ಬಟ್ಟೆಗೆ ಒಂದು ಗುರುತು ಇರಲಿ. ಅಂಗಿಯ ಕೊರಳಪಟ್ಟಿಗೆ, ಧೋತರದ ಅಂಚಿಗೆ ಎದ್ದು ಕಾಣುವ ಕೆಂಪು ದಾರದಿಂದ ನಾಲ್ಕು ಹೊಲಿಗೆ ಹಾಕಿಬಿಡಿ. ಅದನ್ನು ಬೇರೆ ಗೂಟಕ್ಕೆ ತೂಗುಹಾಕಿ. ಮನೆಯ ಬಟ್ಟೆಯೊಡನೆ ನೆನೆಹಾಕದೆ, ಬಾವಿಯಿಂದಲೂ ದನದ ತೊಟ್ಟಿಯಿಂದಲೂ ದೂರದಲ್ಲಿ, ಮೊದಲು ಬರೀ ನೀರಿನಲ್ಲಿ ಜಾಲಿಸಿ, ಬಳಿಕ ಬಿಸಿ ನೀರು ಸೋಪಿನಲ್ಲಿ ಎರಡು ಸಲ ಒಗೆದು ಬಿಸಿಲಿಗೆ ಹಾಕಬೇಕು. ಒಗೆಯುವವರು ರಬ್ಬರಿನ ಕೈಚೀಲ ಹಾಕಿಕೊಳ್ಳುವುದು ಅವಶ್ಯ. ನೀರು ಬೆರೆಸದ ಔಷಧಿಯೇ ಚೆಲ್ಲಿ ತೊಯ್ದ ಬಟ್ಟೆಯನ್ನು ಒಗೆಯುವ ಗೋಜಿಗೆ ಹೋಗಬೇಡಿ. ತುಂಡು ಮಾಡಿ, ಮನೆ, ಬಾವಿ, ಹಳ್ಳಗಳಿಂದ ದೂರ ಹೂಳಿರಿ. ಒಲೆಗೆ ಹಾಕಬಾರದು. ಡಬ್ಬಿಯ ಮೇಲಿನ ತ್ರಿಕೋನ ಕೆಂಪು ಇಲ್ಲವೆ ಹಳದಿಯಾಗಿದ್ದರೆ ಮಾತ್ರ ಇಷ್ಟೆಲ್ಲ ಎಂದು ಕೆಲವರು ಕೇಳುವುದುಂಟು. ಹಸಿರು ತ್ರಿಕೋನದ ಔಷಧಿ ಹೊಡೆದ ಬಟ್ಟೆಯೂ ಮಗುವಿನ ಮೈಗೆ ಸಲ್ಲದು. ಔಷಧಿ ಲೇಪಿಸಿದ ಬೀಜ ಬಂದ ಬಟ್ಟೆಯ ಚೀಲಕ್ಕೂ ಇದೇ ಮಾತು. ಅದು ಎಷ್ಟೇ ಗಟ್ಟಿಯಾಗಿ ಕಂಡರೂ ಶಾಲೆಯ ಪಾಟೀಚೀಲವಾಗಬಾರದು.

ಇನ್ನು ಉಳಿದ ಬಟ್ಟೆಯಲ್ಲಿ ನೂಲಿನದು ಯಾವುದು, ಕೃತಕ ನೂಲಿನದು ಯಾವುದು? ಅಂಚಿನಿಂದ ಎರಡು ಎಳೆ ಕಿತ್ತು, ಇಕ್ಕಳದಲ್ಲಿ ಹಿಡಿದು, ಅಂಗಳದಲ್ಲಿ ಕಡ್ಡಿ ಗೀರಿ ನೋಡಿ. ಹತ್ತಿಯ ಎಳೆ ಕಾಗದ ಸುಟ್ಟ ವಾಸನೆ ಕೊಟ್ಟು ಮೆತ್ತನೆಯ ಬೂದಿಯಾಗುತ್ತದೆ. ನೈಲಾನ್, ಪಾಲಿಯೆಸ್ಟರ್ ಎಳೆ ಸುರುಟಿ ಕರಗಿ ಗಟ್ಟಿ ಮಣಿಯಾಗುತ್ತದೆ. ಒಲೆಯ ಕಿಡಿ ಬಿದ್ದರೆ ಹೀಗೆಯೇ ಕರಗಿ ಮೈಗೆ ಅಂಟಿಕೊಳ್ಳುವುದರಿಂದ, ಮಕ್ಕಳ ಉಡುಪಿಗೆ ಹತ್ತಿಯೇ ಉತ್ತಮ, ಬೆವರನ್ನೂ ಹೀರುತ್ತದೆ. ಆದರೆ ಹತ್ತಿಗೂ ಬೆಂಕಿ ಹತ್ತುತ್ತದೆ, ಒಲೆಯ ಹತ್ತಿರ ಜೋಲಾಡುವ ಉಡುಪು ಯಾವುದೂ ಬೇಡ.

ಮಗುವಿನ ಕೌದಿಗೆ ಆರು ಗಜದ ಒಂದು ನೂಲಿನ ಸೀರೆ ಸಾಕು. ಉದ್ದದಲ್ಲಿ 36 ಅಂಗುಲಕ್ಕೊಂದರಂತೆ ಕತ್ತರಿಸಿದರೆ ಆರು ತುಂಡು ಬರುತ್ತವೆ. ಬೆಳಕಿಗೆ ಹಿಡಿದು ನೋಡಿದರೆ ಕೂರುವ ಜಾಗದ ತುಂಡು ಜರಡಿಯಂತೆ ಕಾಣುತ್ತದೆ, ಸೆರಗಿನ ಕಡೆಯದು ಗಟ್ಟಿಯಾಗಿರುತ್ತದೆ. ಗಟ್ಟಿಯಾದ ಎರಡನ್ನು ಮೇಲಕ್ಕೂ ಕೆಳಕ್ಕೂ ಇಡಿ, ಸವೆದ ಮೂರನ್ನು ಒಳಗೆ ಹಾಸಿ, ಒಂದನ್ನು ತೇಪೆಗೆ ಉಳಿಸಿಕೊಳ್ಳಿ. ಐದು ಪದರಕ್ಕಿಂತ ಹೆಚ್ಚು ಬೇಡ. ಒದ್ದೆಯಾದ ಕೌದಿ ಎತ್ತಿ ಹಿಂಡಿದವರಿಗೆ ಕಾರಣ ಹೇಳಬೇಕಾಗಿಲ್ಲ. ಅಂಚು ಒಳಕ್ಕೆ ಮಡಿಚಿ, ಸುತ್ತಲೂ ಹೊಲಿದು, ಅಂಚಿನಿಂದ ನಡುವಿಗೆ ಸುತ್ತು ಸುತ್ತಾಗಿ ಬನ್ನಿ. ಸಾಲಿನಿಂದ ಸಾಲಿಗೆ ಒಂದು ಬೆರಳು ಅಂತರವಿದ್ದರೆ ಒಗೆದಾಗ ಒಳಪದರ ಮುದ್ದೆಯಾಗುವುದಿಲ್ಲ. ಉತ್ತರ ಕನ್ನಡದ ಸಿದ್ದಿ ಹೆಂಗಸರು ಹೀಗೆಯೇ ಅಂಚಿನಿಂದ ಒಳಕ್ಕೆ ಹೊಲಿಯುತ್ತಾರೆ; ನಾಲ್ಕು ಮೂಲೆಗೂ ಬಣ್ಣದ ತುಂಡುಗಳ ಹೂವು ಇಡುತ್ತಾರೆ. ನೋಡಲು ಬಹಳ ಚೆಂದ. ವರ್ಷ ತುಂಬದ ಕೂಸಿಗೆ ಕೌದಿಯನ್ನು ಕೆಳಗೆ ಬಿಗಿಯಾಗಿ ಹಾಸಿರಿ. ಭಾರದ ಕೌದಿ ಹೊದಿಸಿದರೆ ಮುಖದ ಮೇಲೆ ಸರಿದು ಉಸಿರು ಕಟ್ಟುವ ಭಯವಿದೆ.

ಕೂಸಿನ ಜಬಲಾಕ್ಕೆ ಹಳೆಯ ಧೋತರದಷ್ಟು ಮೃದುವಾದ ಬಟ್ಟೆ ಅಂಗಡಿಯಲ್ಲಿ ಸಿಗಲಾರದು. ಹೊಲಿಗೆಯ ಮಡಿಕೆ ಹೊರಗೆ ಬರುವಂತೆ ಹೊಲಿಯಿರಿ, ಒಳಗಿದ್ದರೆ ಉಜ್ಜಿ ಮೈ ಕೆಂಪಾಗುತ್ತದೆ. ಗುಂಡಿ ಬೇಡ, ಕಿತ್ತು ಬಾಯಿಗೆ ಹಾಕಿಕೊಂಡೀತು. ಬೆನ್ನಿನ ಮೇಲೆ ಚಿಕ್ಕ ಕಟ್ಟು ಸಾಕು, ಕೊರಳ ಸುತ್ತ ಲಾಡಿ ಕೂಡದು. ಬೆಳೆಯುವ ಹುಡುಗಿಯ ಲಂಗಕ್ಕೆ ಕೆಳಗೆ ಮೂರು ಅಂಗುಲ ಮಡಿಚಿ ಹೊಲಿದರೆ ಬರುವ ವರ್ಷ ಬಿಚ್ಚಿ ಉದ್ದ ಮಾಡಬಹುದು.

ತೇಪೆಯಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ಒಂದೇ. ಹಳೆಯ ಚಡ್ಡಿಗೆ ಹೊಸ ಬಟ್ಟೆಯ ತುಂಡು ಹಚ್ಚುವುದು. ಒಗೆದಾಗ ಹೊಸದು ಕುಗ್ಗುತ್ತದೆ, ಹಳೆಯದು ಜಗ್ಗಿ ಪಕ್ಕದಲ್ಲೇ ಹರಿಯುತ್ತದೆ. ಒಗೆದು ಹಳೆಯದಾದ ಬಟ್ಟೆಯನ್ನೇ ಆರಿಸಿ. ತೂತಿಗಿಂತ ಸುತ್ತಲೂ ಒಂದು ಅಂಗುಲ ದೊಡ್ಡದಾಗಿ, ಹಾಸುಹೊಕ್ಕು ಎರಡೂ ಹೊಂದುವಂತೆ ಕತ್ತರಿಸಿ. ಅಂಚು ಕಾಲು ಅಂಗುಲ ಮಡಿಚಿ ಹೊಲಿದ ಮೇಲೆ, ತಿರುವಿ ಹಾಕಿ ತೂತಿನ ಹರಕನ್ನು ಚೌಕವಾಗಿ ಕತ್ತರಿಸಿ, ಮೂಲೆಗಳನ್ನು ಸ್ವಲ್ಪ ಸೀಳಿ, ಅದನ್ನೂ ಮಡಿಚಿ ಹೊಲಿಯಬೇಕು. ಹುಡುಗರ ಚಡ್ಡಿಯ ಹಿಂಬದಿಗೆ ಹರಿಯುವ ಮೊದಲೇ ಒಳಗಿನಿಂದ ಒಂದು ಪದರ ಕೊಟ್ಟರೆ ಇನ್ನೂ ಒಳ್ಳೆಯದು. ಹರಿದು ಜೋತ ತೋಳನ್ನು ಮಾತ್ರ ನಾಳೆಗೆ ಬಿಡಬೇಡಿ. ಒಕ್ಕಣೆ ಯಂತ್ರದ ಪಟ್ಟಿಗೆ ಅಷ್ಟು ಬಟ್ಟೆ ಸಿಕ್ಕರೂ ಕೈಯನ್ನೇ ಎಳೆದುಕೊಳ್ಳುತ್ತದೆ.

ಕೌದಿ ಹೊಲಿಯಲು ಕೂರುವ ಮುನ್ನ ಸೂಜಿಗಳನ್ನು ಎಣಿಸಿಟ್ಟು, ಏಳುವಾಗ ಮತ್ತೆ ಎಣಿಸಿ. ಒಂದು ಕಡಿಮೆಯಾದರೆ, ಕೌದಿಯ ಪದರಗಳನ್ನು ಅಂಗೈಯಿಂದ ಮೆಲ್ಲಗೆ ಒತ್ತಿ ನೋಡಿ, ಸಿಗುವವರೆಗೆ ಮಗುವನ್ನು ಅದರ ಮೇಲೆ ಮಲಗಿಸಬೇಡಿ.