ಡಬ್ಬದ ಗಸಗಸೆ ಕುಂಡಕ್ಕೆ ಬಿದ್ದರೆ

ಯಡಿಯೂರು ಕೆರೆಯ ಹತ್ತಿರ ಪರಿಚಯದ ಹಿರಿಯರೊಬ್ಬರ ತಾರಸಿ ತೋಟವಿದೆ. ಹೋದ ಚಳಿಗಾಲದಲ್ಲಿ ಒಂದು ದಿನ ಅವರು ಅಂಗೈಯಲ್ಲಿ ಚಿಟಿಕೆ ಗಸಗಸೆ ಹಿಡಿದು ಕುಂಡದ ಮುಂದೆ ಕೂತಿದ್ದರು. "ಪಾಯಸಕ್ಕೆ ತಂದಿದ್ದು ಮಿಕ್ಕಿತ್ತಮ್ಮ, ಹೂವು ಚೆನ್ನಾಗಿರುತ್ತಂತೆ." "ಬೇಡಿ ಅಂಕಲ್, ಅದನ್ನ ಡಬ್ಬಕ್ಕೇ ಹಾಕಿ" ಎಂದೆ. ಅವರಿಗೆ ನಂಬಿಕೆಯೇ ಬರಲಿಲ್ಲ.

ಗಸಗಸೆ ಎಂದರೆ ಅಫೀಮು ಗಿಡದ ಬೀಜ. 1985ರ ಮಾದಕವಸ್ತು ನಿಯಂತ್ರಣ ಕಾಯ್ದೆ (ಎನ್‌ಡಿಪಿಎಸ್) ಬೀಜವನ್ನು ನಿಷೇಧದಿಂದ ಹೊರಗಿಟ್ಟಿದೆ. ಕೊಯ್ಲಾದ ಮೇಲಿನ ಕಾಯಿ ಸಿಪ್ಪೆ, ಕಾಂಡಗಳನ್ನು ಬಿಟ್ಟಿಲ್ಲ. ಎಳೆಗಾಯಿಯನ್ನು ಗೀರಿದಾಗ ಒಸರುವ ಹಾಲು ಗಟ್ಟಿಯಾದರೆ ಅಫೀಮು, ಅದರಿಂದಲೇ ಮಾರ್ಫಿನ್. ಈ ಬೆಳೆಗೆ ಕೇಂದ್ರದ ಪರವಾನಗಿ ಸಿಗುವುದು ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳ ಗೊತ್ತುಪಡಿಸಿದ ಪ್ರದೇಶಗಳಲ್ಲಿ ಮಾತ್ರ. ಪರವಾನಗಿ ಇಲ್ಲದೆ ಬೆಳೆದರೆ 18ನೇ ಕಲಂ: 10 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ. ಹೊಲವೋ ಕುಂಡವೋ ಎಂಬ ಭೇದ ಅಲ್ಲಿಲ್ಲ. 2024ರ ನವೆಂಬರ್‌ನಲ್ಲಿ ಇದೇ ಬೆಂಗಳೂರಿನಲ್ಲಿ ಬಾಲ್ಕನಿ ಕುಂಡದಲ್ಲಿ ಗಾಂಜಾ ಬೆಳೆಸಿ ಫೇಸ್‌ಬುಕ್‌ಗೆ ಹಾಕಿದ ದಂಪತಿ ಇದೇ ಕಾಯ್ದೆಯಡಿ ಬಂಧನಕ್ಕೊಳಗಾದರು.

ಗಿಡ ತಾನಾಗಿ ಹುಟ್ಟಿದ್ದರೆ? ಅಲಖ್ ರಾಮ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಜಮೀನಿನಲ್ಲಿ ಗಿಡ ಕಂಡ ಮಾತ್ರಕ್ಕೆ ಬೆಳೆದಂತಾಗದು, ಆರೋಪಿಯೇ ಬೆಳೆದ ಎಂಬುದಕ್ಕೆ ಪುರಾವೆ ಬೇಕು ಎಂದಿತು. ಆದರೆ ಆ ಮಾತು ಕೇಳಲು ಆರೋಪಿ ಅಲಖ್ ರಾಮ್ ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾಯಿತು, ಅದನ್ನು ಮರೆಯಬೇಡಿ. ಬೂದಿ ಬಳಿದಂಥ ನುಣುಪು ಎಲೆ ಕಾಂಡವನ್ನು ಅಪ್ಪಿಕೊಂಡಂತಿದ್ದರೆ ಅಫೀಮು ಗಿಡವೆಂದು ಅನುಮಾನಿಸಿ. ನರ್ಸರಿಯ ಕೆಂಪು ಕಾರ್ನ್ ಪಾಪಿಯ ಎಲೆಯಲ್ಲಿ ರೋಮವಿರುತ್ತದೆ, ಅದು ಬೇರೆ. ನಿಮ್ಮ ಜಾಗದಲ್ಲಿ ಯಾರೋ ಅಕ್ರಮವಾಗಿ ಬೆಳೆದಿದ್ದು ಗೊತ್ತಾದರೆ ಪೊಲೀಸರಿಗೆ ತಿಳಿಸುವುದು 46ನೇ ಕಲಂ ಪ್ರಕಾರ ಕರ್ತವ್ಯ.

ಪೊಲೀಸರು ಬಾಗಿಲಿಗೆ ಬಂದರೆ ತಡೆಯಬೇಡಿ, ಗಾಬರಿಯೂ ಬೇಡ. ಸೂರ್ಯಾಸ್ತದ ನಂತರ ವಾರಂಟ್ ಇಲ್ಲದೆ ಮನೆ ಶೋಧಿಸುವುದಾದರೆ ಅಧಿಕಾರಿ ಕಾರಣ ಬರೆದಿಡಬೇಕು. ನಿಮ್ಮ ಮೈ ತಪಾಸಣೆಗೆ ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟ್ ಎದುರು ಹೋಗುವ ಹಕ್ಕು 50ನೇ ಕಲಂನಲ್ಲಿದೆ, ಅದನ್ನು ಅವರೇ ನಿಮಗೆ ಹೇಳಬೇಕು. ಚೀಲ, ಮನೆಗೆ ಇದು ಅನ್ವಯಿಸದು. ಹೆಣ್ಣುಮಕ್ಕಳನ್ನು ಹೆಣ್ಣೇ ತಪಾಸಣೆ ಮಾಡಬೇಕು. 2024ರ ಜುಲೈ 1ರಿಂದ ಶೋಧ, ಜಪ್ತಿಯ ವಿಡಿಯೊ ಕಡ್ಡಾಯ. ಮಹಜರು ಓದದೆ ಸಹಿ ಬೇಡ. ಬಂಧನದ ಕಾರಣ ತಿಳಿಸಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಬೇಕು. ವಕೀಲರಿಗೆ ದುಡ್ಡಿಲ್ಲವೇ? ಉಚಿತ ಕಾನೂನು ನೆರವಿಗೆ 15100ಕ್ಕೆ ಕರೆಮಾಡಿ. ಮಹಿಳೆಯರಿಗೆ ಆದಾಯದ ಮಿತಿಯೂ ಇಲ್ಲ.

ಮನೆಯಲ್ಲಿ ಯಾರಾದರೂ ಚಟಕ್ಕೆ ಬಿದ್ದಿದ್ದರೆ 14446ಕ್ಕೆ ಕರೆಮಾಡಿ. ತಾವಾಗಿ ಚಿಕಿತ್ಸೆಗೆ ಬಂದ ವ್ಯಸನಿಗೆ, ಸೇವನೆ ಅಥವಾ ಅಲ್ಪ ಪ್ರಮಾಣದ ಪ್ರಕರಣವಾದರೆ, 64ಎ ಕಲಂ ರಕ್ಷಣೆ ಕೊಡುತ್ತದೆ.

ಹಿರಿಯರು ಗಸಗಸೆಯನ್ನು ಡಬ್ಬಕ್ಕೆ ಸುರಿದು, "ದುಬೈನಲ್ಲಿರೋ ಮಗಳಿಗೆ ಕಟ್ಟಿಕೊಡಬಹುದಲ್ಲ?" ಎಂದರು. ಬೇಡವೇ ಬೇಡ ಎಂದೆ. ಅಲ್ಲಿ ಬೀಜವೂ ನಿಷಿದ್ಧ.